ಕೊರಿಯಾದಲ್ಲಿ ನೆಂಟರೋ, ನೆರೆಯವರೋ?

ನಮ್ಮ ವಿದ್ಯಾರ್ಥಿನಿಲಯದಲ್ಲಿ ಕೊರಿಯಾ ದೇಶದ ಹೆಸರು ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ಅಲ್ಲಿನ ಧಾರಾವಾಹಿಗಳನ್ನು ನೋಡಿ ಕಣ್ಣೀರು ಹಾಕುವವರಿದ್ದಾರೆ. ಅಲ್ಲಿನ ಹಾಡುಗಳನ್ನು ಅರ್ಥ ತಿಳಿಯದಿದ್ದರೂ ಬಾಯಿಪಾಠ ಮಾಡಿದವರಿದ್ದಾರೆ. ಬೆಳಗ್ಗೆ ಬಿಸಿನೀರಿನ ಸಾಲಿನಲ್ಲಿ ಬಕೆಟ್ಟು ಹಿಡಿದು ನಿಂತು 'ಅನ್ಯೊಂಗ್' ಎಂದು ತಲೆ ಬಾಗಿಸುವವರೂ ಇದ್ದಾರೆ. ಇದನ್ನು ನಾನು ಪರಿಹಾಸ್ಯಕ್ಕಾಗಿ ಬರೆಯುತ್ತಿಲ್ಲ. ದೂರದ ಒಂದು ದೇಶದ ಮೇಲೆ ನಮ್ಮ ತಾಲ್ಲೂಕಿನ ಹುಡುಗಿಯರಿಗೆ ಪ್ರೀತಿ ಹುಟ್ಟಿದರೆ ಅದು ಸಂತೋಷದ ಸಂಗತಿಯೇ. ಪದವಿ ಮುಗಿಸಿ ಹೇಗಾದರೂ ಮಾಡಿ ಅಲ್ಲಿಗೆ ಹೋಗಿ ಕೆಲವು ಕಾಲ ನೆಲಸಬೇಕೆಂಬ ಆಸೆ ಮೂರು ನಾಲ್ಕು ಜನರಲ್ಲಿ ಇದೆ. ಅವರಲ್ಲಿ ನಾನೂ ಒಬ್ಬಳು.

ಆದರೆ ಹೋದವರು ಅಲ್ಲಿ ಏನನ್ನು ನೋಡಬೇಕು, ಯಾವ ಕಣ್ಣಿನಿಂದ ನೋಡಬೇಕು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಗೆಳತಿಯರ ಅಭಿಪ್ರಾಯಕ್ಕಿಂತ ಬೇರೆ. ಅವರು ಮೊಬೈಲಿನಲ್ಲಿ ನೋಡುವ ಚಿತ್ರಗಳಿಗೆ ಸಾಮಾನ್ಯವಾಗಿ ಒಂದೇ ಬಗೆಯ ತಲೆಬರಹವಿರುತ್ತದೆ: 'ಕೊರಿಯಾದಲ್ಲಿ ಯಾರಿಗೂ ತಿಳಿಯದ ಹತ್ತು ತಾಣಗಳು', 'ತಪ್ಪದೆ ನೋಡಬೇಕಾದ ಐದು ಹಬ್ಬಗಳು'. ಈ 'ಯಾರಿಗೂ ತಿಳಿಯದ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಕಾಲಿಗೆ ಮುಳ್ಳು ಹೊಕ್ಕಂತಾಗುತ್ತದೆ. ಏಕೆಂದರೆ ನಮ್ಮ ಊರ ಹಿಂದೆ ಒಂದು ಅಬ್ಬಿ ಇದೆ. ನಮ್ಮ ಅಜ್ಜಿಯ ಅಜ್ಜಿಯ ಕಾಲದಿಂದ ಅದರ ನೀರು ನಮ್ಮ ಗದ್ದೆಗಳಿಗೆ ಇಳಿಯುತ್ತಿದೆ. ಗೌರಿಹಬ್ಬದಲ್ಲಿ ಗಂಗೆ ತರುವುದು ಅಲ್ಲಿಂದಲೇ. ನಾಲ್ಕು ವರ್ಷದ ಹಿಂದೆ ಯಾರೋ ಬಂದು ಅದನ್ನು ಚಿತ್ರ ತೆಗೆದು 'ಗುಪ್ತ ಜಲಪಾತ' ಎಂದು ಲೋಕಕ್ಕೆ ಸಾರಿದರು. ಈಗ ಭಾನುವಾರ ಬಂದರೆ ಮೂವತ್ತು ಕಾರುಗಳು. ಕಳೆದ ಮಳೆಗಾಲದಲ್ಲಿ ನಾಟಿಗೆ ಇಳಿದ ನಮ್ಮ ಅಪ್ಪನ ಕಾಲಿಗೆ ಒಡೆದ ಬಾಟಲಿಯ ಚೂರು ಹೊಕ್ಕು, ನಾಟಿಯ ಕಾಲವೆಲ್ಲ ಅವರು ಮನೆಯಲ್ಲಿ ಮಲಗಬೇಕಾಯಿತು. ಗುಪ್ತವಾಗಿತ್ತಂತೆ! ಯಾರಿಂದ ಗುಪ್ತ? ನಮ್ಮಿಂದಲೇ?

ನಾನು ಕೊರಿಯಾವನ್ನು ಕಂಡವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳೇ ನಾನು ಮೊದಲು. ನಮ್ಮವರಿಗೆ ಬೆಂಗಳೂರೇ ಪರದೇಶ. ಆದರೆ ನಮ್ಮೂರ ಮೇಲಿನ ಮನೆಯ ಅಕ್ಕ ಒಬ್ಬರು ದೇಜೊನ್ ಎಂಬ ಪಟ್ಟಣದಲ್ಲಿ ಮೂರು ವರ್ಷದಿಂದ ಸಂಶೋಧನೆ ಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಅವರೊಡನೆ ಮಾತಾಡುತ್ತೇನೆ. ಅವರು ಹೇಳಿದ್ದರ ಜಾಡು ಹಿಡಿದು ಗ್ರಂಥಾಲಯದಲ್ಲಿಯೂ ಹೊರಗೂ ಸಿಕ್ಕಿದ್ದನ್ನು ಓದುತ್ತೇನೆ. ಈ ಲೇಖನದ ಬಂಡವಾಳ ಇಷ್ಟೆ.

ಕೊರಿಯಾ ಎಂದರೆ ಇಲ್ಲಿ ದಕ್ಷಿಣ ಕೊರಿಯಾ ಎಂದು ತಿಳಿಯತಕ್ಕದ್ದು. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು ಒಂದು ಲಕ್ಷ ಚದರ ಕಿಲೋಮೀಟರು. ಜನ ಐದು ಕೋಟಿಗೆ ಮೇಲೆ. ಅವರಲ್ಲಿ ಅರ್ಧದಷ್ಟು ಜನ ರಾಜಧಾನಿಯಾದ ಸೋಲ್ ನಗರದಲ್ಲಿಯೂ ಅದರ ಸುತ್ತಣ ಪ್ರದೇಶದಲ್ಲಿಯೂ ಇದ್ದಾರೆ. ೧೯೬೦ರಲ್ಲಿ ಆ ದೇಶದಲ್ಲಿ ಪಟ್ಟಣವಾಸಿಗಳು ನೂರಕ್ಕೆ ಸುಮಾರು ಇಪ್ಪತ್ತೆಂಟು; ಈಗ ಎಂಬತ್ತಕ್ಕೂ ಹೆಚ್ಚು. ಎಂದರೆ ಧಾರಾವಾಹಿಯಲ್ಲಿ ಕಾಣುವ ಆ ಹೊಳಪಿನ ಪೇಟೆಯವರೆಲ್ಲ ಒಂದೆರಡು ತಲೆಮಾರಿನ ಹಿಂದೆ ಗದ್ದೆಯ ಕೆಸರು ತುಳಿದವರ ಮಕ್ಕಳು, ಮೊಮ್ಮಕ್ಕಳು. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಅವರ ಹಬ್ಬಗಳು ತಾವಾಗಿ ಅರ್ಥವಾಗುತ್ತವೆ ಎಂದು ನನ್ನ ಎಣಿಕೆ.

ಚುಸೊಕ್ ಎಂಬ ಹಬ್ಬವನ್ನೇ ತೆಗೆದುಕೊಳ್ಳೋಣ. ಚಾಂದ್ರಮಾನದ ಎಂಟನೆಯ ತಿಂಗಳ ಹುಣ್ಣಿಮೆ ಅದರ ದಿನ. ಹಿಂದಿನ ದಿನ, ಹಬ್ಬದ ದಿನ, ಮಾರನೆಯ ದಿನ, ಹೀಗೆ ಮೂರು ದಿನ ರಜಾ. ಪಟ್ಟಣಕ್ಕೆ ಪಟ್ಟಣವೇ ಎದ್ದು ಹುಟ್ಟೂರಿಗೆ ಹೊರಡುತ್ತದೆ. ಹೆದ್ದಾರಿಗಳಲ್ಲಿ ವಾಹನಗಳು ಇರುವೆಗಳಂತೆ ಸಾಲುಗಟ್ಟುತ್ತವೆ. ಹೊಸ ಅಕ್ಕಿಯ ಹಿಟ್ಟಿನಿಂದ ಅರ್ಧಚಂದ್ರಾಕಾರದ ಕಡುಬು ಮಾಡಿ, ಒಳಗೆ ಎಳ್ಳನ್ನೋ ಕಾಳನ್ನೋ ತುಂಬಿ, ದೇವದಾರುವಿನಂಥ ಪೈನ್ ಮರದ ಸೂಜಿಯೆಲೆಗಳ ಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಅದಕ್ಕೆ ಸೊಂಗ್‌ಪ್ಯೊನ್ ಎಂದು ಹೆಸರು. ಬೆಳಗ್ಗೆ ಹಿರಿಯರಿಗೆ ಎಡೆ ಇಟ್ಟು, ಆಮೇಲೆ ಗುಡ್ಡದ ಇಳಿಜಾರಿನಲ್ಲಿರುವ ಗೋರಿಗಳಿಗೆ ಹೋಗಿ ಅಡ್ಡಬೀಳುತ್ತಾರೆ. ಗೋರಿಗಳೆಂದರೆ ಹುಲ್ಲು ಬೆಳೆದ ಗುಂಡನೆಯ ಮಣ್ಣಿನ ದಿಬ್ಬಗಳು. ಹಬ್ಬಕ್ಕೆ ಕೆಲವು ವಾರ ಮುಂಚೆಯೇ ಹೋಗಿ ಆ ಹುಲ್ಲನ್ನು ಸವರಿ ಬರುವುದು ಮನೆಮಕ್ಕಳ ಕರ್ತವ್ಯ. ಅದನ್ನು ಬೊಲ್ಚೊ ಎನ್ನುತ್ತಾರೆ.

ಈ ಹಬ್ಬದ ತಿಥಿಯಲ್ಲಿ ನನಗೊಂದು ಸ್ವಾರಸ್ಯ ಕಂಡಿತು. ೨೦೨೪ರಲ್ಲಿ ಚುಸೊಕ್ ಬಂದದ್ದು ಸೆಪ್ಟೆಂಬರ್ ೧೭ರಂದು. ನಮ್ಮ ಪಿತೃಪಕ್ಷ ಅದರ ಮಾರನೆಯ ದಿನವೇ ಹಿಡಿಯಿತು. ಎಂದರೆ ಭಾದ್ರಪದದ ಹುಣ್ಣಿಮೆಯ ಆಸುಪಾಸಿನಲ್ಲಿ ಅವರೂ ನಾವೂ ಸತ್ತವರಿಗೆ ಅನ್ನ ಇಡುತ್ತೇವೆ. ಎಲ್ಲ ವರ್ಷವೂ ಹೀಗೆಯೇ ಕೂಡಿಬರುವುದಿಲ್ಲ. ಅಧಿಕಮಾಸ ಅವರಿಗೊಂದು ವರ್ಷ, ನಮಗೊಂದು ವರ್ಷ ಬೀಳುವುದರಿಂದ ೨೦೨೫ರಲ್ಲಿ ಅವರ ಹಬ್ಬ ಅಕ್ಟೋಬರ್ ೬ಕ್ಕೆ ಹೋಗಿ ನಮ್ಮ ಶೀಗೆಹುಣ್ಣಿಮೆಯನ್ನು ಮುಟ್ಟಿತು. ಇಂಥ ಹೋಲಿಕೆ ಕಂಡ ಕೂಡಲೆ ಕೆಲವರು 'ಅವರು ನಮ್ಮವರೇ' ಎಂದು ಕುಣಿಯುವುದುಂಟು. ಅವರ ಭಾಷೆಯಲ್ಲಿ ತಾಯಿಗೆ 'ಒಮ್ಮ', ತಂದೆಗೆ 'ಅಪ್ಪ' ಎನ್ನುತ್ತಾರೆ. ವಾಕ್ಯದಲ್ಲಿ ಕ್ರಿಯಾಪದ ನಮ್ಮಲ್ಲಿದ್ದಂತೆ ಕೊನೆಗೇ ಬರುತ್ತದೆ. ಆಯುತ ಎಂಬ ದೂರದ ನಾಡಿನಿಂದ ಹಡಗಿನಲ್ಲಿ ಬಂದು ಅಲ್ಲಿನ ಅರಸನನ್ನು ಮದುವೆಯಾದ ರಾಜಕುಮಾರಿಯ ಕಥೆಯೂ ಇದೆ. ಕಥೆ ನಡೆದದ್ದು ಕ್ರಿ.ಶ. ಒಂದನೆಯ ಶತಮಾನದಲ್ಲಿ ಎನ್ನುತ್ತಾರೆ. ಅದನ್ನು ಹೇಳುವ ಗ್ರಂಥ ಹದಿಮೂರನೆಯ ಶತಮಾನದ್ದು. ನಡುವಣ ಹನ್ನೆರಡು ನೂರು ವರ್ಷಗಳನ್ನು ದಾಟಲು ನನ್ನ ಕಾಲಿಗೆ ಶಕ್ತಿ ಸಾಲದು. ರಕ್ತಸಂಬಂಧ ಇದ್ದರೆ ಮಾತ್ರ ನೆರೆಯವರಾಗಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಇರಲಿ. ಚುಸೊಕ್ ದಿನದಲ್ಲಿ ಹೊರದೇಶದವರ ಪಾಡೇನು ಎಂಬುದು ನಮ್ಮ ಪ್ರಶ್ನೆ. ೨೦೨೩ರ ಕೊನೆಯ ಲೆಕ್ಕದಂತೆ ಕೊರಿಯಾದಲ್ಲಿ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿ ಪರದೇಶಿಗಳಿದ್ದರು. ಕಾರ್ಖಾನೆಯಲ್ಲಿ ದುಡಿಯುವವರು, ಹೊಲದಲ್ಲಿ ಕೋಸು ಕೀಳುವವರು, ಓದುವವರು, ಮದುವೆಯಾಗಿ ಹೋದವರು, ಎಲ್ಲ ಬಗೆಯವರೂ ಇದ್ದಾರೆ. ಅವರಲ್ಲಿ ಅನೇಕರಿಗೆ ಆ ಮೂರು ದಿನ ಹಬ್ಬವಲ್ಲ, ಬರಿಯ ನಿಶ್ಶಬ್ದ. ಅಕ್ಕ ಮೊದಲನೆಯ ವರ್ಷ ಆ ದಿನ ಊಟಕ್ಕೆ ಹೊರಟು ನಾಲ್ಕು ಬೀದಿ ಸುತ್ತಿದರಂತೆ. ನಿತ್ಯ ಹೋಗುವ ಹೋಟೆಲುಗಳೆಲ್ಲ ಮುಚ್ಚಿದ್ದವು. ಕೊನೆಗೆ ಕೋಣೆಗೆ ಬಂದು ಅವಲಕ್ಕಿ ನೆನೆಸಿದರು. ನಮ್ಮ ಗೆಳತಿಯರು ಇದನ್ನು ಕೇಳಿ, 'ಹಾಗಾದರೆ ಆ ಹಬ್ಬದಲ್ಲಿ ನೋಡುವುದೇನಿಲ್ಲ' ಎಂದುಬಿಟ್ಟರು. ನನಗೆ ತೋರುವುದೇ ಬೇರೆ. ನೋಡಲು ಏನೂ ಇಲ್ಲದಿರುವುದೇ ಅದು ನಿಜವಾದ ಹಬ್ಬವೆಂಬುದಕ್ಕೆ ಸಾಕ್ಷಿ. ಮಾರನವಮಿಯ ಆಯುಧಪೂಜೆಯ ದಿನ ನಮ್ಮ ಹಟ್ಟಿಯೊಳಗೆ ನಡೆಯುವುದನ್ನು ನೋಡಲು ಟಿಕೆಟ್ಟು ಕೊಳ್ಳಲಾದೀತೆ? ಕರೆದರೆ ಹೋಗಬೇಕು, ಕರೆಯುವಷ್ಟು ಕಾಲ ಆ ಬೀದಿಯಲ್ಲಿ ಬಾಳಿರಬೇಕು.

ಕಾಂಗ್‌ನುಂಗ್ ಎಂಬ ಪೂರ್ವ ಕರಾವಳಿಯ ಪಟ್ಟಣದಲ್ಲಿ ನಡೆಯುವ ದಾನೊ ಉತ್ಸವ ಇವೆರಡರ ನಡುವಿನದು. ಹೊರಗಿನವರಿಗೂ ಬಾಗಿಲು ತೆರೆದದ್ದು, ಆದರೆ ಹೊರಗಿನವರಿಗಾಗಿ ಹುಟ್ಟಿದ್ದಲ್ಲ. ಐದನೆಯ ತಿಂಗಳ ಐದನೆಯ ದಿನ ಹಬ್ಬ. ಅದಕ್ಕೆ ಒಂದು ತಿಂಗಳು ಮುಂಚೆ ಪಟ್ಟಣದವರು ಕೊಟ್ಟ ಅಕ್ಕಿಯಿಂದ ದೇವರಿಗೆ ಮದ್ಯ ಇಡುತ್ತಾರೆ. ನಾಲ್ಕನೆಯ ತಿಂಗಳ ಹುಣ್ಣಿಮೆಗೆ ತೇಗ್ವಲ್ಯೊಂಗ್ ಎಂಬ ಘಟ್ಟಕ್ಕೆ ಹೋಗಿ, ಅಲ್ಲಿನ ದೇವರನ್ನು ಒಂದು ಮರದ ಕೊಂಬೆಯಲ್ಲಿ ಆವಾಹಿಸಿ ಕೆಳಗೆ ತರುತ್ತಾರೆ. ಯಾವ ಮರ ತಾನಾಗಿ ನಡುಗುವುದೋ ಅದರಲ್ಲಿ ದೇವರು ಬಂದನೆಂದು ಅವರ ನಂಬಿಕೆ. ಕೊಂಬೆಗೆ ಬಣ್ಣಬಣ್ಣದ ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಊರಿಗೆ ತಂದ ದೇವರನ್ನು ಹಬ್ಬದವರೆಗೂ ಅವನ ಹೆಂಡತಿಯಾದ ದೇವಿಯ ಗುಡಿಯಲ್ಲಿ ಇಡುತ್ತಾರೆ. ಆಮೇಲೆ ಹೊಳೆಯ ದಂಡೆಯ ಮೇಲೆ ಜಾತ್ರೆ: ಮಾತಿಲ್ಲದ ಮುಖವಾಡದ ಆಟ, ಕುಸ್ತಿ, ಹೆಂಗಸರ ಜೋಕಾಲಿ. ೨೦೦೫ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯೆಂದು ಸಾರಿತು. ಉತ್ತರ ಕರ್ನಾಟಕದ ಪಂಚಮಿಯ ಜೋಕಾಲಿಯನ್ನು ಕಂಡವರಿಗೆ ಆ ದಂಡೆಯ ಮೇಲೆ ಪರಕೀಯ ಭಾವನೆ ಬರಲಾರದು. ಇನ್ನೂ ಒಂದು ಮಾತು. ಆ ದಿನ ಹೆಂಗಸರು ಚಾಂಗ್ಪೊ ಎಂಬ ಗಿಡವನ್ನು ಕುದಿಸಿದ ನೀರಿನಲ್ಲಿ ತಲೆ ತೊಳೆಯುವ ರೂಢಿಯಿದೆ. ಆ ಗಿಡ ಯಾವುದೆಂದು ಹುಡುಕಿ ನೋಡಿದೆ. ಅದು ನಮ್ಮ ಬಜೆ! ನಮ್ಮ ಅಜ್ಜಿ ಎಳೆಗೂಸಿನ ನಾಲಿಗೆಗೆ ತೇಯ್ದು ಹಚ್ಚುವ ಬಜೆಯ ಬೇರಿನ ಗಿಡವೇ. ಗದ್ದೆಯಂಚಿನ ಒಂದು ಜೌಗುಗಿಡ ಎರಡು ದೇಶದ ಹೆಂಗಸರ ಕೈಯಲ್ಲಿ ಹೀಗೆ ಬೇರೆ ಬೇರೆ ಬಾಳು ಬಾಳಿದ್ದು ಯಾವ 'ತಪ್ಪದೆ ನೋಡಬೇಕಾದ' ಪಟ್ಟಿಯಲ್ಲಿಯೂ ಸಿಕ್ಕುವುದಿಲ್ಲ.

ಚಳಿಗಾಲ ಮೊದಲಾಗುವಾಗ ಕಿಮ್ಜಾಂಗ್ ನಡೆಯುತ್ತದೆ. ಇದು ಹಬ್ಬವಲ್ಲ, ಕೆಲಸ: ಕೋಸನ್ನು ರಾತ್ರಿಯೆಲ್ಲ ಉಪ್ಪಿನಲ್ಲಿಟ್ಟು, ಬೆಳಗ್ಗೆ ತೊಳೆದು, ಮೆಣಸಿನಪುಡಿ ಬೆಳ್ಳುಳ್ಳಿಗಳ ಮಸಾಲೆಯನ್ನು ಎಲೆಯೆಲೆಗೂ ಸವರಿ, ಚಳಿಗಾಲಕ್ಕಾಗುವಷ್ಟು ಕಿಮ್ಚಿ ತುಂಬಿಡುವುದು. ನೆರೆಹೊರೆಯ ಹೆಂಗಸರೆಲ್ಲ ಕೂಡುತ್ತಾರೆ, ಮಾಡಿದ್ದನ್ನು ಹಂಚಿಕೊಳ್ಳುತ್ತಾರೆ. ನಮ್ಮಲ್ಲಿ ಬೇಸಗೆಯಲ್ಲಿ ಹಪ್ಪಳ ಸಂಡಿಗೆಗೆ ಕೂಡುವುದಿಲ್ಲವೆ, ಹಾಗೆಯೇ. ಇದೂ ೨೦೧೩ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. (ಮೆಣಸಿನಕಾಯಿ ಅವರಿಗೂ ನಮಗೂ ಹೊರಗಿನಿಂದ ಬಂದದ್ದೇ. ಈಗ ಅದಿಲ್ಲದೆ ಇಬ್ಬರಿಗೂ ತುತ್ತು ಇಳಿಯುವುದಿಲ್ಲ. ಪರದೇಶಿ ಎಷ್ಟು ಕಾಲಕ್ಕೆ ಮನೆಯವನಾಗುತ್ತಾನೆ ಎಂಬುದಕ್ಕೆ ಇದೊಂದು ಲೆಕ್ಕ.) ಕಿಮ್ಚಿಗೆ ಸಾಮಾನ್ಯವಾಗಿ ಸೀಗಡಿಯ ಇಲ್ಲವೆ ಮೀನಿನ ಉಪ್ಪುರಸ ಬೀಳುವುದರಿಂದ ಶಾಕಾಹಾರಿಗಳಿಗೆ ತೊಡಕು. ಅಂಥವರಿಗೆ ಬೌದ್ಧ ಮಠಗಳ ಊಟವೇ ಗತಿ. ಅಲ್ಲಿ ಮೀನು ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠಗಳನ್ನು ಬಲ್ಲವರಿಗೆ ಇದು ಹೊಸತಲ್ಲ.

ಇನ್ನು ಪ್ರವಾಸಿಗರಿಗೆಂದೇ ಹುಟ್ಟಿದ ಹಬ್ಬಗಳು. ಬೊರ್ಯೊಂಗ್ ಎಂಬ ಕಡಲತೀರದಲ್ಲಿ ಜುಲೈ ತಿಂಗಳಿನಲ್ಲಿ ಕೆಸರಿನ ಉತ್ಸವ ನಡೆಯುತ್ತದೆ. ಅಲ್ಲಿನ ಕಡಲ ಕೆಸರಿನಿಂದ ತಯಾರಾದ ಮುಖಲೇಪಗಳಿಗೆ ಪ್ರಚಾರ ಕೊಡಲು ೧೯೯೮ರಲ್ಲಿ ಇದನ್ನು ಆರಂಭಿಸಿದರು. ಸಾವಿರಾರು ಜನ ಕೆಸರಿನಲ್ಲಿ ಹೊರಳಾಡುವ ಚಿತ್ರವನ್ನು ನಮ್ಮ ಅಮ್ಮನಿಗೆ ತೋರಿಸಿದೆ. ನಾಟಿಗೆ ಆಳು ಸಿಕ್ಕದ ಸಂಕಟದಲ್ಲಿದ್ದ ಅವರು, 'ಇವರನ್ನು ಇಲ್ಲಿಗೆ ಕರೆಸಬಾರದೆ?' ಎಂದರು. ಹ್ವಾಚೊನ್‌ನಲ್ಲಿ ೨೦೦೩ರಿಂದ ಜನವರಿ ತಿಂಗಳಿನಲ್ಲಿ ಹೆಪ್ಪುಗಟ್ಟಿದ ಹೊಳೆಗೆ ತೂತು ಕೊರೆದು ಮೀನು ಹಿಡಿಯುವ ಉತ್ಸವ. ಆ ಮೀನು ಆ ಹೊಳೆಯದಲ್ಲ. ಬೇರೆಡೆ ಸಾಕಿ ತಂದು ಬಿಡುತ್ತಾರೆ. ಮೂಕಪ್ರಾಣಿಗಳಿಗೆ ಹಿಂಸೆಯೆಂದು ಇದನ್ನು ವಿರೋಧಿಸುವವರು ಕೊರಿಯಾದಲ್ಲಿಯೇ ಇದ್ದಾರೆ.

ಇಲ್ಲಿ ನನ್ನ ಕೋಣೆಯ ಗೆಳತಿ ನನ್ನನ್ನು ಹಿಡಿದು ನಿಲ್ಲಿಸಿದಳು. 'ಹ್ವಾಚೊನ್ ಎಂದರೆ ಉತ್ತರದ ಗಡಿಯಂಚಿನ ಗುಡ್ಡಗಾಡು. ಹೊಲವೂ ಕಡಿಮೆ, ಕಾರ್ಖಾನೆಯೂ ಕಡಿಮೆ, ಜನಕ್ಕಿಂತ ಸೈನಿಕರೇ ಕಣ್ಣಿಗೆ ಬೀಳುವ ಊರು. ಆ ಮೀನಿನ ಹಬ್ಬ ಇಲ್ಲದಿದ್ದರೆ ಅಲ್ಲಿನವರು ಏನು ತಿನ್ನಬೇಕು? ನಿಮ್ಮೂರಿನ ಅಬ್ಬಿಯ ಬಳಿ ಬಜ್ಜಿ ಕರಿದು ಮಾರುವ ಹೆಂಗಸು ನಿನ್ನ ಹಾಗೆ ಮಾತಾಡುತ್ತಾಳೆಯೆ?' ಎಂದಳು. ಈ ಮಾತಿನಲ್ಲಿ ಹುರುಳಿದೆ. ೨೦೨೩ರಲ್ಲಿ ಕೊರಿಯಾದಲ್ಲಿ ಒಬ್ಬ ಹೆಂಗಸಿಗೆ ಜೀವಮಾನದಲ್ಲಿ ಹುಟ್ಟಬಹುದಾದ ಮಕ್ಕಳ ಸರಾಸರಿ ಸಂಖ್ಯೆ ೦.೭೨ಕ್ಕೆ ಇಳಿದಿತ್ತು, ಹಳ್ಳಿಗಳಲ್ಲಿ ಶಾಲೆಗಳು ಮುಚ್ಚುತ್ತಿವೆ, ಉಳಿದವರು ಮುದುಕರು. ಅಂಥ ಊರು ಮೀನನ್ನೋ ಕೆಸರನ್ನೋ ತೋರಿಸಿ ನಾಲ್ಕು ಜನರನ್ನು ಕರೆದರೆ ನಾನು ಮೂಗು ಮುರಿಯಲಾರೆ. ಕರೆದ ಮನೆಗೆ ಹೋಗುವುದು ಮರ್ಯಾದೆಯೇ. ನನ್ನ ತಕರಾರು ಕರೆಯದ ಮನೆಗೆ ನುಗ್ಗುವುದರ ಮೇಲೆ. ನುಗ್ಗಿ, ಅದನ್ನು ತಾನು ಕಂಡುಹಿಡಿದೆನೆಂದು ಹೇಳಿಕೊಳ್ಳುವುದರ ಮೇಲೆ.

ಕೊರಿಯಾದವರು ಈ ಸಂಕಟವನ್ನು ನಮಗಿಂತ ಹೆಚ್ಚಾಗಿ ಉಂಡಿದ್ದಾರೆ. ಸೋಲ್ ನಗರದ ಬುಕ್ಚೊನ್ ಎಂಬಲ್ಲಿ ಹಳೆಯ ಹೆಂಚಿನ ಮನೆಗಳ ಕೇರಿಯೊಂದಿದೆ. ಅದು ವಸ್ತುಸಂಗ್ರಹಾಲಯವಲ್ಲ, ಒಳಗೆ ಸಂಸಾರಗಳಿವೆ. ಬೆಳಗಿನಿಂದ ರಾತ್ರಿಯವರೆಗೆ ನೋಟಕರ ಗಲಾಟೆಗೆ ಅವರು ಬೇಸತ್ತರು. ೨೦೨೪ರ ನವೆಂಬರಿನಿಂದ ಆ ಕೇರಿಯ ಒಂದು ಭಾಗಕ್ಕೆ ಪ್ರವಾಸಿಗರು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಬರಬಹುದೆಂದು ನಿಯಮವಾಯಿತು. ೨೦೨೫ರ ಮಾರ್ಚಿಯಿಂದ ಮೀರಿದವರಿಗೆ ಒಂದು ಲಕ್ಷ ವೊನ್ ದಂಡ. ಜೆಜು ದ್ವೀಪದಲ್ಲಿ ೧,೯೫೦ ಮೀಟರು ಎತ್ತರದ ಹಲ್ಲಾ ಪರ್ವತದ ನೆತ್ತಿಗೆ ಹೋಗುವ ಎರಡು ದಾರಿಗಳಿಗೆ ಮುಂಗಡ ಹೆಸರು ಬರೆಸಬೇಕು. ದಿನಕ್ಕೆ ಇಷ್ಟು ಜನ ಎಂದು ಮಿತಿಯಿದೆ. ಆ ದ್ವೀಪದ ಯೊಂಗ್ನುನಿ ಎಂಬ ಹುಲ್ಲುಗುಡ್ಡ ನಡೆದಾಡುವವರ ಕಾಲಿನಿಂದ ಸವೆದುಹೋದಾಗ ೨೦೨೧ರಲ್ಲಿ ಅದನ್ನು ಮುಚ್ಚಿ, ೨೦೨೩ರವರೆಗೆ ವಿಶ್ರಾಂತಿ ಕೊಟ್ಟರು. ಗುಡ್ಡಕ್ಕೆ ರಜಾ ಕೊಡುವುದು! ನಮ್ಮ ಪಂಚಾಯಿತಿಯವರು ಈ ಮಾತನ್ನು ಓದಬೇಕೆಂದು ನನ್ನ ವಿನಂತಿ.

'ಗುಪ್ತ ನಿಸರ್ಗ' ಎಂಬ ಮಾತು ಕೊರಿಯಾದ ಮಟ್ಟಿಗೆ ಮತ್ತೊಂದು ಕಾರಣಕ್ಕೂ ಸಲ್ಲದು. ಈಗ ಆ ದೇಶದ ನೆಲದಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಕಾಡು. ಆದರೆ ೧೯೫೦ರ ದಶಕದಲ್ಲಿ ಅಲ್ಲಿನ ಗುಡ್ಡಗಳು ಬೋಳಾಗಿದ್ದವು. ಜಪಾನೀಯರ ಆಳ್ವಿಕೆಯಲ್ಲಿ ಮರ ಹೋಯಿತು, ಯುದ್ಧದಲ್ಲಿ ಹೋಯಿತು. ಉಳಿದದ್ದು ಮನೆಯ ನೆಲವನ್ನು ಕೆಳಗಿನಿಂದ ಬಿಸಿ ಮಾಡುವ ಒಲೆಗೆ ಸೌದೆಯಾಗಿ ಹೋಯಿತು. ೧೯೭೩ರಲ್ಲಿ ಸರ್ಕಾರ ಹತ್ತು ವರ್ಷದ ಅರಣ್ಯ ಯೋಜನೆ ಹಾಕಿ, ಹಳ್ಳಿಹಳ್ಳಿಯ ಸಂಘಗಳಿಂದ ಸಸಿ ನೆಡಿಸಿ, ಅವಧಿಗೆ ಮೊದಲೇ ಗುರಿ ಮುಟ್ಟಿತು. ಸೌದೆಯ ಜಾಗಕ್ಕೆ ಕಲ್ಲಿದ್ದಲಿನ ಬಿಲ್ಲೆ ಬಂತು. ಅದು ಸರ್ವಾಧಿಕಾರದ ಕಾಲ; ಕಾಡು ಸುಟ್ಟು ಬೇಸಾಯ ಮಾಡುತ್ತಿದ್ದ ಬಡವರನ್ನು ಗುಡ್ಡದಿಂದ ಇಳಿಸಿದ್ದೂ ಆ ಕಾಲದಲ್ಲಿಯೇ. ಹೀಗೆ, ಇಂದು ಯಾರೋ ಪರದೇಶಿ 'ಮನುಷ್ಯ ಸ್ಪರ್ಶವಿಲ್ಲದ ಕಾಡು' ಎಂದು ಚಿತ್ರ ತೆಗೆಯುವ ಕಡೆ ಒಂದೊಂದು ಮರದ ಬುಡದಲ್ಲಿಯೂ ಯಾವಳೋ ಹಳ್ಳಿಯ ಹೆಂಗಸಿನ ಕೈಗುರುತು ಇರಬಹುದು.

ಜೆಜು ದ್ವೀಪದ ಒಂದು ಸ್ಥಳವನ್ನು ಹೇಳದೆ ಮುಂದೆ ಹೋಗಲಾರೆ. ದರಾಂಗ್ಶಿ ಎಂಬುದು ಅಲ್ಲಿನ ಬಲು ಚೆಲುವಾದ ಜ್ವಾಲಾಮುಖಿಗುಡ್ಡಗಳಲ್ಲಿ ಒಂದು. ಅದರ ಹತ್ತಿರ ಹೊಲಗಳ ನಡುವೆ ಒಂದು ಚಿಕ್ಕ ಗುಹೆ. ೧೯೪೮ರಲ್ಲಿ ದ್ವೀಪದಲ್ಲಿ ದಂಗೆಯೆದ್ದು, ಅದನ್ನು ಅಡಗಿಸಲು ಬಂದ ಪಡೆಗಳು ಊರೂರನ್ನೇ ಸುಟ್ಟಾಗ, ಹಳ್ಳಿಗರು ಗುಹೆಗಳಲ್ಲಿ ಅವಿತುಕೊಂಡರು. ಈ ಗುಹೆಯಲ್ಲಿ ಅವಿತವರು ಹೊರಗೆ ಬರಲೇ ಇಲ್ಲ. ೧೯೯೨ರಲ್ಲಿ ಅದರೊಳಗೆ ಹನ್ನೊಂದು ಜನರ ಅಸ್ಥಿಗಳು ಕಂಡುಬಂದ ಸುದ್ದಿ ಹೊರಬಿತ್ತು. ಅವರಲ್ಲಿ ಹೆಂಗಸರೂ ಒಂದು ಮಗುವೂ ಇದ್ದರು. ದ್ವೀಪದಲ್ಲಿ ಒಟ್ಟು ಸತ್ತವರು ಇಪ್ಪತ್ತೈದರಿಂದ ಮೂವತ್ತು ಸಾವಿರವೆಂದು ಸರ್ಕಾರಿ ವರದಿಯ ಅಂದಾಜು. ೨೦೦೩ರಲ್ಲಿ ಅಂದಿನ ಅಧ್ಯಕ್ಷ ರೋ ಮೂ ಹ್ಯುನ್ ಅವರು ದ್ವೀಪದ ಜನರ ಕ್ಷಮೆ ಕೇಳಿದರು. ೨೦೨೪ರ ನೊಬೆಲ್ ಸಾಹಿತ್ಯ ಪಾರಿತೋಷಕ ಪಡೆದ ಹಾನ್ ಕಾಂಗ್ ಅವರು ಈ ದುರಂತವನ್ನು ಕುರಿತು ಕಾದಂಬರಿಯೊಂದನ್ನು ಬರೆದಿದ್ದಾರೆ. ಇಂಥ ಗುಡ್ಡವನ್ನು 'ಅಡಗಿದ ತಾಣ' ಎಂದು ಕರೆಯುವವರು ಆ ಮಾತಿನ ಅರ್ಥವನ್ನು ಅಲ್ಲಿಯ ಮುದುಕಿಯರಲ್ಲಿ ಒಮ್ಮೆ ಕೇಳಿ ನೋಡಲಿ.

ಹಾಗಾದರೆ ಪ್ರಕೃತಿಯನ್ನು ನೋಡಲೇಬಾರದೆ? ನೋಡಬೇಕು. ದಕ್ಷಿಣದ ಸುಂಚೊನ್ ಕೊಲ್ಲಿಯ ಆಪು ಹುಲ್ಲಿನ ಬಯಲಿಗೆ ಚಳಿಗಾಲದಲ್ಲಿ ಕೊಕ್ಕರೆಜಾತಿಯ ಕ್ರೌಂಚಗಳು ಬರುತ್ತವೆ. ಹಾರುವಾಗ ತಂತಿಗೆ ಸಿಕ್ಕಿ ಸಾಯುತ್ತವೆಂದು ೨೦೦೯ರಲ್ಲಿ ಆ ಊರಿನವರು ಗದ್ದೆಗಳಲ್ಲಿದ್ದ ೨೮೨ ವಿದ್ಯುತ್ ಕಂಬಗಳನ್ನು ಕೀಳಿಸಿದರು. ಚೊಂಗ್ಸಾಂದೊ ಎಂಬ ದ್ವೀಪದಲ್ಲಿ ಮಣ್ಣು ಕಡಿಮೆ, ಕಲ್ಲೇ ಹೆಚ್ಚು. ಅಲ್ಲಿನ ರೈತರು ಚಪ್ಪಡಿಕಲ್ಲು ಹಾಸಿ, ಕೆಳಗೆ ನೀರು ಹರಿಯಲು ದಾರಿ ಬಿಟ್ಟು, ಮೇಲೆ ಮಣ್ಣು ಹೊತ್ತು ಹಾಕಿ ಮೆಟ್ಟಿಲುಗದ್ದೆ ಕಟ್ಟಿದ್ದಾರೆ. ೨೦೧೪ರಲ್ಲಿ ವಿಶ್ವಸಂಸ್ಥೆಯ ಕೃಷಿ ವಿಭಾಗ ಅದನ್ನು ಕೃಷಿಪರಂಪರೆಯೆಂದು ಗುರುತಿಸಿತು. ನಾನು ಕೊರಿಯಾಕ್ಕೆ ಹೋದರೆ ಮೊದಲು ಕಾಣಬೇಕೆಂದಿರುವುದು ಆ ಗದ್ದೆಯ ಬದುವನ್ನು, ಅರಮನೆಗಳನ್ನಲ್ಲ.

ಇನ್ನು ನಿಜವಾಗಿ ಜನ ಅಪರೂಪಕ್ಕೆ ಕಾಲಿಡುವ ಪ್ರದೇಶವೊಂದು ಕೊರಿಯಾದಲ್ಲಿ ಇದ್ದೇ ಇದೆ. ಉತ್ತರ ದಕ್ಷಿಣಗಳ ನಡುವೆ ಸುಮಾರು ೨೫೦ ಕಿಲೋಮೀಟರು ಉದ್ದ, ನಾಲ್ಕು ಕಿಲೋಮೀಟರು ಅಗಲದ ನಿಸ್ಸೇನಾ ವಲಯ. ೧೯೫೩ರ ಕದನವಿರಾಮದಿಂದ ಈಚೆಗೆ ಅಲ್ಲಿ ಬೇಸಾಯ ಬಲು ಕಡಿಮೆ. ನೆಲದಲ್ಲಿ ಸಿಡಿಮದ್ದುಗಳಿವೆ, ಮೇಲೆ ಜಿಂಕೆಗಳು ಓಡಾಡುತ್ತವೆ. ಅದಕ್ಕೆ ಹೊಂದಿದ ಚೊರ್ವೊನ್ ಬಯಲಿನ ಗದ್ದೆಗಳಿಗೆ ಚಳಿಗಾಲದಲ್ಲಿ ಕೆಂಪು ನೆತ್ತಿಯ ಕ್ರೌಂಚಗಳು ಬಂದು ಉದುರಿದ ಭತ್ತ ಹೆಕ್ಕುತ್ತವೆ. ಹುಲ್ಲನ್ನು ಕಟ್ಟಿ ಒಯ್ಯದೆ ಗದ್ದೆಯಲ್ಲಿಯೇ ಬಿಡುವ ರೈತರಿಗೆ ಹಣ ಕೊಡುವ ಏರ್ಪಾಡೂ ಇದೆ.

ಈ ವಲಯದ ನೆನಪು ಬಂದಾಗ ಕನ್ನಡ ನಾಡಿನವರು ಒಬ್ಬರನ್ನು ನೆನೆಯಬೇಕು. ಧಾರಾವಾಹಿಗಳು ಬರುವುದಕ್ಕೆ ಅರ್ಧ ಶತಮಾನ ಮೊದಲೇ ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು ಕೊರಿಯಾದಲ್ಲಿ ವಾಸವಾಗಿದ್ದರು. ೧೯೫೩ರಲ್ಲಿ ಯುದ್ಧಕೈದಿಗಳ ವಿಲೇವಾರಿಗಾಗಿ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಸ್ವದೇಶಕ್ಕೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು ಒಂದು ಕಡೆ. ಭಾರತೀಯರನ್ನು ತನ್ನ ನೆಲದ ಮೇಲೆ ಕಾಲಿಡಗೊಡುವುದಿಲ್ಲವೆಂದು ಹಟ ಹಿಡಿದ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಇನ್ನೊಂದು ಕಡೆ. ಎರಡು ಪಕ್ಷದವರೂ ಶಂಕಿಸುವ ಸ್ಥಳದಲ್ಲಿ, ಕೊರೆಯುವ ಚಳಿಯಲ್ಲಿ ೧೯೫೪ರ ಆರಂಭದವರೆಗೆ ಆ ಕೆಲಸ ನಡೆಯಿತು. ಕೊನೆಗೆ ಎರಡೂ ಕಡೆ ಬೇಡವೆಂದ ಎಂಬತ್ತೆಂಟು ಮಂದಿ ನಮ್ಮವರೊಡನೆ ಹಡಗಿನಲ್ಲಿ ಭಾರತಕ್ಕೆ ಬಂದರು. ಪರದೇಶದಲ್ಲಿ ಇರುವ ಕಷ್ಟ ಏನೆಂದು, ಪರದೇಶಿಯೊಬ್ಬ ಏನು ಉಪಯೋಗಕ್ಕೆ ಬರಬಲ್ಲನೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ನನಗೆ ತಿಳಿಯದು. ಕೊಡಗಿನಿಂದ ಬಂದ ಸಹಪಾಠಿಗಳಿಗೂ ಇದು ತಿಳಿದಿರಲಿಲ್ಲವೆಂಬುದು ಬೇರೆ ಮಾತು.

ನೆರೆಯವರಾಗುವುದು ಹೇಗೆಂದು ಕೇಳಿದರೆ, ಮೊದಲು ಭಾಷೆ ಕಲಿಯಿರಿ ಎಂದೇ ಹೇಳುತ್ತೇನೆ. ಹದಿನೈದನೆಯ ಶತಮಾನದಲ್ಲಿ ಸೇಜೊಂಗ್ ದೊರೆ ಸಾಮಾನ್ಯ ಜನರಿಗಾಗಿಯೇ ಮಾಡಿಸಿದ ಅವರ ಲಿಪಿ ಕೆಲವೇ ದಿನಗಳಲ್ಲಿ ಕೈವಶವಾಗುತ್ತದೆ. ಮಾತು ಕಷ್ಟ. ಹಿರಿಯರೊಡನೆ ಒಂದು ಬಗೆ, ಸಮಾನರೊಡನೆ ಒಂದು ಬಗೆ, ಕಿರಿಯರೊಡನೆ ಒಂದು ಬಗೆ. 'ನೀನು' 'ನೀವು' 'ತಾವು'ಗಳಲ್ಲಿ ಬೆಳೆದ ನಮಗೆ ಇದು ಇಂಗ್ಲಿಷರಿಗಿಂತ ಬೇಗ ಒಗ್ಗಬೇಕು. ಧಾರಾವಾಹಿಯಲ್ಲಿ ಕಲಿತ ಮಾತನ್ನು ಅಂಗಡಿಯ ಅಜ್ಜಿಯೊಡನೆ ಆಡಿದರೆ, ನಮ್ಮಲ್ಲಿ ಹೆಡ್‌ಮಾಸ್ತರರನ್ನು 'ಏನೋ' ಎಂದು ಕರೆದಂತಾದೀತು ಎಂದು ಅಕ್ಕ ಎಚ್ಚರಿಸಿದ್ದಾರೆ.

ಆ ಅಕ್ಕ ಬಾಡಿಗೆಗಿರುವ ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಇಬ್ಬರು ಗಂಡುಮಕ್ಕಳೂ ಸೋಲ್ ನಗರದಲ್ಲಿ. ಕಳೆದ ಚುಸೊಕ್‌ಗೆ ಮುಂಚೆ ಅವರಿಗೆ ರಜಾ ಸಿಕ್ಕಲಿಲ್ಲವಂತೆ. ಗೋರಿಯ ಹುಲ್ಲು ಸವರಲು ಈಗ ಕೂಲಿಯವರೂ ಸಂಘಗಳೂ ಉಂಟು, ಹಣ ಕೊಟ್ಟರೆ ಮಾಡಿ ಚಿತ್ರ ಕಳಿಸುತ್ತಾರೆ; ಅಜ್ಜಿಗೆ ಅದು ಹಿಡಿಸಲಿಲ್ಲ. 'ನಿಮ್ಮ ಊರಿನಲ್ಲಿ ಕುಡುಗೋಲು ಹಿಡಿಯುತ್ತಾರೆಯೆ?' ಎಂದು ಅಕ್ಕನನ್ನು ಕೇಳಿದರು. ಇಬ್ಬರೂ ಬಸ್ಸು ಹತ್ತಿ ಅಜ್ಜಿಯ ತವರಿನ ಗುಡ್ಡಕ್ಕೆ ಹೋದರು. ಸೊಳ್ಳೆ ವಿಪರೀತ, ಕುಡುಗೋಲು ನಮ್ಮದರಂತೆ ಬಾಗಿದ್ದರೂ ಹಿಡಿ ಉದ್ದ, ಮೊದಲು ಕೈಗೆ ಕೂಡಲಿಲ್ಲವಂತೆ. ಒಟ್ಟು ಏಳು ಗೋರಿಗಳು. ಐದು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತು. ಉಳಿದ ಎರಡಕ್ಕೆ ಮುಂದಿನ ಭಾನುವಾರ ಮತ್ತೆ ಹೋಗಿ ಬಂದರು.